ಬಾಡಿಗೆದಾರ ಕರಾರು ಮುರಿದಾಗ: ಉತ್ತರ ಕನ್ನಡದ ಮನೆ ಮಾಲೀಕರಿಗೆ ಒಂದು ಮಾರ್ಗದರ್ಶಿ

ಕಾರವಾರದಲ್ಲಿ ಬಾಡಿಗೆ ಮನೆ ಹುಡುಕುವವರಲ್ಲಿ ಕದಂಬ ನೌಕಾನೆಲೆಯವರು, ಕೈಗಾದ ಗುತ್ತಿಗೆ ಕೆಲಸದವರು, ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ವರ್ಗವಾಗಿ ಬಂದ ಸರಕಾರಿ ನೌಕರರು ಇರುತ್ತಾರೆ. ಶಿರಸಿಯಲ್ಲಿ ಅರಣ್ಯ ಕಾಲೇಜಿನ ಹುಡುಗರು, ಬ್ಯಾಂಕಿನವರು, ಮಕ್ಕಳ ಓದಿಗಾಗಿ ಹಳ್ಳಿಯಿಂದ ಪೇಟೆಗೆ ಬಂದ ಕುಟುಂಬಗಳು. ಗೋಕರ್ಣ, ಮುರುಡೇಶ್ವರದ ಕಡೆ ಪ್ರವಾಸಿಗರನ್ನು ನಂಬಿ ಮನೆ ಹಿಡಿಯುವವರು. ಬಾಡಿಗೆದಾರರು ಹೀಗೆ ಬಗೆಬಗೆಯವರಾದರೂ ಅವರು ಸಹಿ ಹಾಕುವ ಕರಾರು ಪತ್ರ ಮಾತ್ರ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ: ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿದ್ದು, ಹೆಸರು ಮತ್ತು ಮೊತ್ತವಷ್ಟೇ ಬದಲಾಗುವ ಎರಡು ಪುಟ. ಬಾಡಿಗೆ ನಿಂತಾಗಲೋ ಮನೆ ಏಕಾಏಕಿ ಖಾಲಿಯಾದಾಗಲೋ ಮಾಲೀಕರು ಆ ಎರಡು ಪುಟವನ್ನು ಕಪಾಟಿನಿಂದ ಹೊರತೆಗೆದು ಮೊದಲ ಬಾರಿಗೆ ಪೂರ್ತಿ ಓದುತ್ತಾರೆ.

ಈ ಜಿಲ್ಲೆಯ ಮಾಲೀಕರಲ್ಲಿ ಒಂದು ಹಳೆಯ ಅಂಜಿಕೆಯೂ ಇದೆ. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಉಳುವವನ ಪಾಲಾದುದನ್ನು ಕಂಡ ಮನೆತನಗಳಲ್ಲಿ, ‘ಬಾಡಿಗೆಯವನನ್ನು ಹನ್ನೊಂದು ತಿಂಗಳಿಗಿಂತ ಹೆಚ್ಚು ಇಟ್ಟರೆ ಮನೆ ಅವನದೇ ಆಗುತ್ತದೆ’ ಎಂಬ ಮಾತು ಇಂದಿಗೂ ಓಡಾಡುತ್ತದೆ. ಇದು ತಪ್ಪು ತಿಳುವಳಿಕೆ. ಭೂಸುಧಾರಣಾ ಕಾಯ್ದೆ ಇರುವುದು ಕೃಷಿ ಜಮೀನಿಗೆ. ಪೇಟೆಯ ಬಾಡಿಗೆ ಮನೆಗೆ ಅದು ಬರುವುದಿಲ್ಲ. ಬಾಡಿಗೆದಾರನೆಂದು ಒಪ್ಪಿ ಒಳಬಂದವನು ಆ ಬಾಡಿಗೆ ಮುಂದುವರಿದಿರುವಾಗ ಮಾಲೀಕನ ಹಕ್ಕನ್ನೇ ಅಲ್ಲಗಳೆಯಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಹನ್ನೊಂದು ತಿಂಗಳ ಲೆಕ್ಕ ಹುಟ್ಟಿದ್ದು ನೋಂದಣಿಯ ಕಾರಣಕ್ಕೆ: ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಅದಕ್ಕಿಂತ ಕಡಿಮೆ ಅವಧಿಯದಕ್ಕೆ ಆ ಕಡ್ಡಾಯವಿಲ್ಲ. ಈ ಅಂಜಿಕೆಯಿಂದಾಗಿ ಕೆಲವರು ಬಾಡಿಗೆ ಬಾರದಿದ್ದರೂ ವರ್ಷಗಟ್ಟಲೆ ಸುಮ್ಮನಿರುತ್ತಾರೆ, ಮತ್ತೆ ಕೆಲವರು ಮೊದಲ ತಿಂಗಳೇ ಬೀಗ ಜಡಿಯಲು ಹೊರಡುತ್ತಾರೆ. ಎರಡೂ ದಾರಿ ಮಾಲೀಕನನ್ನೇ ಇಕ್ಕಟ್ಟಿಗೆ ಸಿಲುಕಿಸುತ್ತವೆ. ಅಡಿಕೆ ತೋಟವನ್ನೋ ಗದ್ದೆಯನ್ನೋ ಬಾಯಿಮಾತಿನಲ್ಲಿ ಗೇಣಿಗೆ ಕೊಟ್ಟವರ ವಿಷಯ ಬೇರೆಯೇ. ಕೃಷಿ ಜಮೀನನ್ನು ಹಾಗೆ ಕೊಡುವುದಕ್ಕೆ ಕೆಲವು ವಿನಾಯಿತಿಗಳ ಹೊರತು ಕಾನೂನಿನ ತಡೆಯಿದ್ದು, ಈ ಲೇಖನದ ಮಾತು ಅವರಿಗೆ ಅನ್ವಯಿಸುವುದಿಲ್ಲ.

ಮೊದಲ ಹೆಜ್ಜೆ: ಕರಾರು ಪತ್ರವನ್ನು ಕೈಯಲ್ಲಿ ಹಿಡಿದು ಕೂರುವುದು

ಯಾರೊಂದಿಗೂ ಜಗಳಕ್ಕೆ ಹೋಗುವ ಮೊದಲು ಪತ್ರದಲ್ಲಿ ನಾಲ್ಕು ಸಂಗತಿಗಳನ್ನು ಗುರುತು ಮಾಡಿಕೊಳ್ಳಬೇಕು. ಅವಧಿ ಇನ್ನೂ ನಡೆಯುತ್ತಿದೆಯೇ, ಮುಗಿದಿದೆಯೇ ಎಂಬುದು ಒಂದು. ಅವಧಿಗೆ ಮೊದಲೇ ಬಿಡುವುದಾದರೆ ಎಷ್ಟು ದಿನದ ಮುನ್ಸೂಚನೆ ಕೊಡಬೇಕು, ಇಂತಿಷ್ಟು ತಿಂಗಳು ಬಿಡುವಂತೆಯೇ ಇಲ್ಲ ಎಂಬ ಮಾತು ಇದೆಯೇ ಎಂಬುದು ಎರಡನೆಯದು. ಒಳಬಾಡಿಗೆಗೆ ಕೊಡಬಾರದು, ವಾಸಕ್ಕಲ್ಲದೆ ಬೇರೆ ಉಪಯೋಗ ಕೂಡದು ಎಂಬಂಥ ನಿಷೇಧಗಳು ಮೂರನೆಯದು. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ, ಮತ್ತು ಟೈಪಿಂಗ್ ಅಂಗಡಿಯ ಪತ್ರಗಳಲ್ಲಿ ಹಲವು ಸಲ ಬಿಟ್ಟುಹೋಗಿರುವುದೂ ಅದೇ: ಶರತ್ತು ಮುರಿದರೆ ಮಾಲೀಕನು ಕರಾರನ್ನು ಕೊನೆಗೊಳಿಸಿ ಮನೆಯನ್ನು ವಾಪಸು ಪಡೆಯಬಹುದು ಎಂಬ ಸ್ಪಷ್ಟ ವಾಕ್ಯ.

ಆ ವಾಕ್ಯ ಏಕೆ ಮುಖ್ಯವೆಂದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಕಲಮಿನ ಪ್ರಕಾರ, ಶರತ್ತು ಮುರಿದ ಕಾರಣಕ್ಕೆ ಅವಧಿ ಮುಗಿಯುವ ಮೊದಲೇ ಬಾಡಿಗೆ ಹಕ್ಕು ರದ್ದಾಗಬೇಕಾದರೆ ಹಾಗೆಂದು ಕರಾರಿನಲ್ಲೇ ಬರೆದಿರಬೇಕು. ಬರೆಯದಿದ್ದರೆ ಬಾಡಿಗೆದಾರ ತಪ್ಪು ಮಾಡಿದರೂ ಮಾಲೀಕನು ನಷ್ಟಭರ್ತಿ ಕೇಳಬಹುದು, ಆ ತಪ್ಪನ್ನು ನಿಲ್ಲಿಸುವಂತೆ ತಡೆಯಾಜ್ಞೆ ಕೇಳಬಹುದು, ಆದರೆ ಆ ಒಂದೇ ಕಾರಣಕ್ಕೆ ಅವಧಿಯ ನಡುವೆ ಮನೆ ಬಿಡಿಸುವುದು ಕಷ್ಟ. ಆಗ ಉಳಿದ ತಿಂಗಳುಗಳನ್ನು ಕಾಯುವುದೇ ಅಗ್ಗದ ದಾರಿ.

ಅಂಗಡಿ ಮಳಿಗೆ ಕೊಟ್ಟವರು ಇನ್ನೊಂದನ್ನು ನೋಡಬೇಕು. ಮೂರು ವರ್ಷದ, ಐದು ವರ್ಷದ ಕರಾರನ್ನು ಸ್ಟಾಂಪ್ ಪೇಪರಿನ ಮೇಲೆ ಬರೆದು ನೋಟರಿಯ ಮುದ್ರೆ ಹಾಕಿಸಿ ಇಟ್ಟುಕೊಂಡಿರುವುದು ನಮ್ಮ ಪೇಟೆಗಳಲ್ಲಿ ಅಪರೂಪವಲ್ಲ. ನೋಟರಿಯ ಮುದ್ರೆ ನೋಂದಣಿಯಲ್ಲ. ಅಂಥ ಪತ್ರದ ಅವಧಿ ಮತ್ತು ಶರತ್ತುಗಳನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಇಬ್ಬರ ನಡುವೆ ತಿಂಗಳಿನಿಂದ ತಿಂಗಳಿಗೆ ನಡೆಯುವ ಬಾಡಿಗೆ ಸಂಬಂಧವಿದೆ ಎಂದಷ್ಟೇ ತಿಳಿಯುತ್ತದೆ. ಇದು ಎರಡು ಕಡೆ ಹರಿತವಿರುವ ಕತ್ತಿ. ‘ಮೂರು ವರ್ಷ ಬಿಡುವಂತಿಲ್ಲ ಎಂದು ಬರೆದುಕೊಟ್ಟಿದ್ದಾನೆ’ ಎಂದು ಮಾಲೀಕನು ಹಿಡಿಯಲಾಗದು. ‘ಮೂರು ವರ್ಷ ಬಿಡಿಸುವಂತಿಲ್ಲ’ ಎಂದು ಬಾಡಿಗೆದಾರನೂ ಹಿಡಿಯಲಾಗದು. ಸ್ಟಾಂಪ್ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ, ಬಾಕಿ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆಯೇ ಅದನ್ನು ನೋಡುತ್ತಾರೆ. ಅಂದು ಉಳಿಸಿದ ಕೆಲವು ನೂರು ರೂಪಾಯಿ ಇಂದು ಹೀಗೆ ಹೊರಗೆ ಬರುತ್ತದೆ.

ಕೊನೆಯದಾಗಿ, ನಿಮ್ಮ ಮನೆಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅನ್ವಯಿಸುತ್ತದೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಬೇಕು. ಆ ಕಾಯ್ದೆಯ ಅನುಸೂಚಿಯಲ್ಲಿ ಹೇಳಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಅದರ ಹೊರಗೆ ಉಳಿಯುತ್ತವೆ. ವ್ಯಾಪಾರಕ್ಕೆ ಕೊಟ್ಟವುಗಳಲ್ಲಿ 14 ಚದರ ಮೀಟರಿಗಿಂತ ದೊಡ್ಡವೂ ಹೊರಗೆ. ಹಾಗಾಗಿ ಇಂದಿನ ಬಾಡಿಗೆಯ ಮನೆಗಳು ಹೆಚ್ಚಾಗಿ ಸ್ವತ್ತು ವರ್ಗಾವಣೆ ಕಾಯ್ದೆಗೇ ಬರುತ್ತವೆ. ಅಜ್ಜನ ಕಾಲದಲ್ಲಿ ಕೊಟ್ಟು, ಇಂದಿಗೂ ಕೆಲವು ನೂರು ರೂಪಾಯಿ ಬರುತ್ತಿರುವ ಪೇಟೆಯ ಹಳೆಯ ಕೋಣೆಗಳ ವಿಷಯದಲ್ಲಿ ಮಾತ್ರ 1999ರ ಕಾಯ್ದೆಯ ದಾರಿ ಹಿಡಿಯಬೇಕಾಗಬಹುದು. ಅದರಲ್ಲಿ ಬಾಡಿಗೆ ಬಾಕಿಯ ಕಾರಣಕ್ಕೆ ಬಿಡಿಸಬೇಕಾದರೆ ಮೊದಲು ಬೇಡಿಕೆಯ ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕು. ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯನ್ನು ಮೊಬೈಲಿನಲ್ಲಿ ಓದಿ, ಅವಧಿ ಮೀರಿ ಉಳಿದವನಿಂದ ದುಪ್ಪಟ್ಟು ಬಾಡಿಗೆ ವಸೂಲಿ ಮಾಡಬಹುದೆಂದು ಹೊರಡುವವರಿದ್ದಾರೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೇ. ರಾಜ್ಯದ ಶಾಸನಸಭೆ ಕಾಯ್ದೆ ಮಾಡಿಕೊಳ್ಳದ ಹೊರತು ಅದರ ಬಲದಿಂದ ಯಾರಿಂದಲೂ ಏನನ್ನೂ ಕೇಳಲಾಗದು.

ಅವಧಿಗೆ ಮೊದಲೇ ಬಿಟ್ಟು ಹೊರಟರೆ

ಕಾರವಾರದಲ್ಲಿ ಇದೇ ಹೆಚ್ಚು. ಗುತ್ತಿಗೆ ಮುಗಿಯುತ್ತದೆ, ವರ್ಗವಾಗುತ್ತದೆ, ಕ್ವಾರ್ಟರ್ಸ್ ಸಿಗುತ್ತದೆ, ಮತ್ತು ತಿಂಗಳ ಕೊನೆಯ ವಾರದಲ್ಲಿ ‘ನಾವು ಒಂದನೇ ತಾರೀಕಿಗೆ ಬಿಡುತ್ತಿದ್ದೇವೆ’ ಎಂಬ ಫೋನ್ ಬರುತ್ತದೆ. ಆಗ ಮೊದಲು ನಿಮ್ಮ ಕಡೆಯ ಲೋಪವನ್ನು ನೋಡಿಕೊಳ್ಳುವುದು ಒಳ್ಳೆಯದು. ಜುಲೈನಲ್ಲಿ ಮಾಡು ಸೋರುತ್ತಿದೆ ಎಂದು ಬಾಡಿಗೆದಾರ ಮೂರು ಸಲ ಸಂದೇಶ ಕಳಿಸಿದ್ದು, ನೀವು ‘ಮಳೆ ನಿಲ್ಲಲಿ’ ಎಂದಿದ್ದರೆ, ಆ ಸಂದೇಶಗಳು ನಾಳೆ ನ್ಯಾಯಾಲಯದಲ್ಲಿ ಮಾತಾಡುತ್ತವೆ. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಅದರ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಅವಕಾಶ ಕೊಡುತ್ತದೆ. ಬೆಂಕಿ, ಬಿರುಗಾಳಿ, ನೆರೆಯಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ ಇಲ್ಲವೇ ಬಹುಮಟ್ಟಿಗೆ, ಖಾಯಂ ಆಗಿ ವಾಸಕ್ಕೆ ಬಾರದಂತಾದರೆ ಕರಾರನ್ನು ಕೈಬಿಡುವ ಆಯ್ಕೆಯೂ ಬಾಡಿಗೆದಾರನಿಗಿದೆ. 2019ರ ಆಗಸ್ಟಿನಲ್ಲಿ ಕಾಳಿ ಮತ್ತು ಗಂಗಾವಳಿಯ ದಂಡೆಯಲ್ಲಿ ನೀರು ನುಗ್ಗಿ ಹಾಳಾದ ಮನೆಗಳಿಂದ ಹೊರಟವರನ್ನು ಕರಾರು ಮುರಿದವರೆಂದು ಕರೆಯುವುದು ನ್ಯಾಯವೂ ಅಲ್ಲ, ಕಾನೂನೂ ಅಲ್ಲ.

ಅಂಥ ಕಾರಣವಿಲ್ಲದೆ ಹೊರಟವನಿಂದ ಏನನ್ನು ಕೇಳಬಹುದು? ಕೀಲಿ ಒಪ್ಪಿಸುವವರೆಗಿನ ಬಾಡಿಗೆ, ವಿದ್ಯುತ್ ಮತ್ತು ನೀರಿನ ಬಾಕಿ, ಮುನ್ಸೂಚನೆಯ ಅವಧಿಗೆ ಸಲ್ಲುವ ಬಾಡಿಗೆ, ಮತ್ತು ಸಾಮಾನ್ಯ ಸವೆತಕ್ಕೆ ಮೀರಿದ ಹಾನಿಯ ದುರಸ್ತಿ ವೆಚ್ಚ. ‘ಆರು ತಿಂಗಳು ಬಿಡುವಂತಿಲ್ಲ’ ಎಂಬ ಶರತ್ತಿದ್ದು ಮೂರನೇ ತಿಂಗಳಲ್ಲಿ ಹೋದರೆ ಉಳಿದ ಮೂರು ತಿಂಗಳ ಬಾಡಿಗೆ ತಾನಾಗಿ ನಿಮ್ಮದಾಗುತ್ತದೆ ಎಂದು ತಿಳಿಯಬಾರದು. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯಸಮ್ಮತವಾದಷ್ಟು ಪರಿಹಾರ ಮಾತ್ರ ಸಿಗುತ್ತದೆ. ನಷ್ಟವನ್ನು ತಗ್ಗಿಸಲು ನಿಮ್ಮ ಕೈಲಿದ್ದ ದಾರಿಯನ್ನು ಬಳಸಿದಿರಾ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮನೆ ಖಾಲಿಯಾದ ವಾರದಲ್ಲೇ ಬೇರೆಯವರಿಗೆ ಕೊಟ್ಟು, ಹೋದವನಿಂದಲೂ ಅದೇ ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಎರಡು ಕಡೆಯಿಂದ ಉಣ್ಣುವ ಕೆಲಸ. ಹಾಗಾಗಿ ‘ಬಾಡಿಗೆಗೆ ಇದೆ’ ಎಂದು ಯಾರಿಗೆ ತಿಳಿಸಿದಿರಿ, ಯಾರು ಬಂದು ನೋಡಿ ಹೋದರು, ಯಾವ ತಾರೀಕಿಗೆ ಹೊಸಬರು ಬಂದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ.

ಕೀಲಿ ತೆಗೆದುಕೊಳ್ಳುವ ಗಳಿಗೆಯಲ್ಲಿ ಎಚ್ಚರ ಬೇಕು. ಬಾಡಿಗೆದಾರ ಕೀಲಿ ಕೊಟ್ಟು ನೀವು ಮಾತಿಲ್ಲದೆ ಇಸಿದುಕೊಂಡರೆ, ಇಬ್ಬರೂ ಒಪ್ಪಿ ಕರಾರು ಮುಗಿಸಿದಂತೆ ಎಂಬ ವಾದಕ್ಕೆ ಅದು ಎಡೆಮಾಡಿಕೊಡುತ್ತದೆ. ಹಿಂದಿನ ಬಾಕಿ ಅಳಿಯುವುದಿಲ್ಲವಾದರೂ ಮುಂದಿನ ತಿಂಗಳುಗಳ ಬೇಡಿಕೆ ಸಡಿಲವಾಗುತ್ತದೆ. ಕೀಲಿಯ ಜೊತೆಗೆ ಒಂದು ಹಾಳೆ ಇರಲಿ: ಇಂಥ ದಿನ, ಇಷ್ಟು ಕೀಲಿ, ಹೆಸ್ಕಾಂ ಮೀಟರಿನ ಇಷ್ಟು ರೀಡಿಂಗ್, ಈ ಈ ಹಾನಿ, ‘ಬಾಕಿ ಮತ್ತು ನಷ್ಟದ ಹಕ್ಕನ್ನು ಕಾಯ್ದಿರಿಸಿಕೊಂಡು ಕೀಲಿ ಪಡೆದಿದ್ದೇನೆ’ ಎಂಬ ಸಾಲು, ಇಬ್ಬರ ಸಹಿ. ಬಾಡಿಗೆದಾರ ಸಹಿ ಹಾಕಲೊಪ್ಪದಿದ್ದರೆ ಅದೇ ಹಾಳೆಯ ಚಿತ್ರವನ್ನು ಅವನ ವಾಟ್ಸಾಪಿಗೆ ಅಂದೇ ಕಳಿಸಿರಿ.

ಹಾನಿಯ ಪಟ್ಟಿಯಲ್ಲಿ ಪ್ರಾಮಾಣಿಕತೆ ಇರಬೇಕು. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿಯ ಸರಳು, ನಾಲ್ಕು ತಿಂಗಳ ಮಳೆಗೆ ಪಾಗಾರದ ಮೇಲೆ ಬೆಳೆದ ಪಾಚಿ, ಚಿರೆಕಲ್ಲಿನ ಗೋಡೆಯಿಂದ ಉದುರಿದ ಸುಣ್ಣ, ಮಂಗ ಸರಿಸಿದ ಹಂಚು ಇವು ಯಾವುವೂ ಬಾಡಿಗೆದಾರನ ತಪ್ಪಲ್ಲ. ಒಡೆದ ಕಮೋಡು, ಕಿತ್ತುಕೊಂಡು ಹೋದ ಫ್ಯಾನು, ಗೋಡೆ ಕೊರೆದು ಹಾಗೇ ಬಿಟ್ಟ ಏಸಿಯ ಕಿಂಡಿ ಅವನವು. ಬಾಡಿಗೆಗೆ ಕೊಡುವ ದಿನ ತೆಗೆದ ಚಿತ್ರಗಳಿದ್ದರೆ ಈ ವಿಂಗಡಣೆ ಹತ್ತು ನಿಮಿಷದ ಕೆಲಸ.

ಬೀಗ ಹಾಕಿ ಕಾಣೆಯಾದರೆ

ಮಾಲೀಕರಿಗೆ ಅತಿ ಕಿರಿಕಿರಿಯ ಸನ್ನಿವೇಶ ಇದು. ಬಾಡಿಗೆ ಇಲ್ಲ, ಫೋನ್ ಸ್ವಿಚ್ ಆಫ್, ಬಾಗಿಲಿಗೆ ಬೀಗ, ಕಿಟಕಿಯಿಂದ ಇಣುಕಿದರೆ ಒಂದು ಮಂಚ, ಎರಡು ಪಾತ್ರೆ, ಮಡಚಿಟ್ಟ ಹಾಸಿಗೆ. ಮೇ ತಿಂಗಳಲ್ಲಿ ಹೀಗಾದರೆ ಇನ್ನೂ ತೊಂದರೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ತಿಂಗಳು ಗಾಳಿಯಾಡದ ಮನೆಯನ್ನು ತೆರೆದು ನೋಡಿದವರಿಗೆ ಗೊತ್ತು: ಹಾಸಿಗೆಯ ಮೇಲೆ ಹಸಿರು ಬೂಷ್ಟು, ಬಾಗಿಲ ಚೌಕಟ್ಟಿಗೆ ಗೆದ್ದಲು, ಸರಿದ ಒಂದೇ ಹಂಚಿನಿಂದ ಇಳಿದ ನೀರು ಗೋಡೆಯ ಬುಡದವರೆಗೆ. ಬೀಗ ಒಡೆಯುವ ಮನಸ್ಸಾಗುವುದು ಸಹಜ. ಆದರೆ ಕಾನೂನಿನ ಕಣ್ಣಿನಲ್ಲಿ ಆ ಮನೆ ಇನ್ನೂ ಅವನ ಸ್ವಾಧೀನದಲ್ಲಿದೆ, ಮತ್ತು ಒಳಗೆ ಹತ್ತು ಸಾವಿರ ರೂಪಾಯಿಯೂ ಚಿನ್ನದ ಸರವೂ ಇದ್ದವೆಂದು ಅವನು ನಾಳೆ ಹೇಳಿದರೆ ಇರಲಿಲ್ಲವೆಂದು ಸಾಬೀತು ಮಾಡುವ ಪಾಡು ನಿಮ್ಮದು.

ಆದ್ದರಿಂದ ಮೊದಲು ಅವನ ಖಾಯಂ ವಿಳಾಸಕ್ಕೂ ಬಾಡಿಗೆ ಮನೆಯ ವಿಳಾಸಕ್ಕೂ ನೋಟೀಸು ಕಳಿಸಿ, ಅದರ ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಚಿತ್ರ ತೆಗೆದಿಡಿ. ಗುತ್ತಿಗೆದಾರನ ಕೆಳಗೆ ಬಂದವನಾದರೆ ಆ ಗುತ್ತಿಗೆದಾರನಿಗೆ, ವಿದ್ಯಾರ್ಥಿಯಾದರೆ ತಂದೆತಾಯಿಗೆ ತಿಳಿಸಿ. ಠಾಣೆಗೆ ಒಂದು ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೊಲೀಸರು ಬಾಗಿಲು ತೆಗೆಸಿ ಕೊಡುವುದಿಲ್ಲ, ಆದರೆ ನೀವು ಮುಚ್ಚುಮರೆಯಿಲ್ಲದೆ ನಡೆದುಕೊಂಡಿರಿ ಎಂಬುದಕ್ಕೆ ಅದು ದಾಖಲೆ. ‘ಮನೆ ಬಿಟ್ಟಿದ್ದೇನೆ, ಸಾಮಾನು ಬೇಡ, ಬೀಗ ತೆಗೆಸಿಕೊಳ್ಳಿ’ ಎಂಬ ಒಂದು ಸಾಲಿನ ಸಂದೇಶ ಅವನಿಂದ ಬಂದರೆ ಅರ್ಧ ಕೆಲಸ ಮುಗಿದಂತೆ. ಆಗಲೂ ನೆರೆಯ ಇಬ್ಬರು ಪಂಚರ ಸಮಕ್ಷಮ, ವಿಡಿಯೊ ಮಾಡುತ್ತ ತೆರೆದು, ಸಾಮಾನಿನ ಪಟ್ಟಿ ಮಾಡಿ, ಅವುಗಳನ್ನು ಬೇರೆಡೆ ಸುರಕ್ಷಿತವಾಗಿಡಬೇಕು. ಯಾವ ಸಂದೇಶವೂ ಬಾರದಿದ್ದರೆ ನ್ಯಾಯಾಲಯದ ಆದೇಶ ಪಡೆದು ತೆರೆಸುವುದೇ ಭದ್ರವಾದ ದಾರಿ.

ಮನೆಯಲ್ಲೇ ಇದ್ದು ಶರತ್ತು ಮುರಿದರೆ

ಬಾಡಿಗೆ ನಿಲ್ಲಿಸುವುದು, ಒಳಬಾಡಿಗೆಗೆ ಕೊಡುವುದು, ವಾಸದ ಮನೆಯನ್ನು ವ್ಯಾಪಾರಕ್ಕೆ ತಿರುಗಿಸುವುದು, ಅವಧಿ ಮುಗಿದರೂ ಹೊರಡದಿರುವುದು ಇವೆಲ್ಲ ಈ ಗುಂಪಿನವು. ಗೋಕರ್ಣದ ಕಡೆ ವಾಸಕ್ಕೆಂದು ಹಿಡಿದ ಮನೆಯ ಕೋಣೆಗಳನ್ನು ಆ್ಯಪಿನ ಮೂಲಕ ದಿನಬಾಡಿಗೆಗೆ ಬಿಡುವುದೂ, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಅಂಗಡಿಯ ಮುಂಗಟ್ಟನ್ನು ಬೇರೊಬ್ಬನಿಗೆ ಕೊಡುವುದೂ ಒಳಬಾಡಿಗೆಯೇ. ಕರಾರಿನಲ್ಲಿ ನಿಷೇಧ ಬರೆಯದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆ ಒಳಬಾಡಿಗೆಯನ್ನು ತಪ್ಪೆಂದು ಹೇಳುವುದಿಲ್ಲ ಎಂಬುದನ್ನು ಮಾಲೀಕರು ಮರೆಯುತ್ತಾರೆ. ನಿಷೇಧವಿದ್ದರೆ ಸಾಕ್ಷ್ಯ ಕೂಡಿಹಾಕಿ: ಆ್ಯಪಿನಲ್ಲಿ ನಿಮ್ಮ ಮನೆಯ ಜಾಹೀರಾತಿನ ಚಿತ್ರ, ದರ, ತಾರೀಕು. ಮೊಬೈಲಿನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ; ಆದ್ದರಿಂದ ಚಿತ್ರ ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ನೋಟೀಸು ಈ ಹಂತದ ಜೀವಾಳ. ಹನ್ನೊಂದು ತಿಂಗಳು ಮುಗಿದ ಮೇಲೂ ಬಾಡಿಗೆ ಪಡೆಯುತ್ತ ಬಂದಿದ್ದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿದಿರುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನದ ನೋಟೀಸು ಸಾಕು, ಕಾರಣ ಹೇಳುವ ಅಗತ್ಯವೂ ಇಲ್ಲ. ಹದಿನೈದು ದಿನ ಎಣಿಸಬೇಕಾದುದು ಅವನಿಗೆ ತಲುಪಿದ ದಿನದಿಂದ, ನೀವು ಕಳಿಸಿದ ದಿನದಿಂದಲ್ಲ. ಅವಧಿ ಇನ್ನೂ ನಡೆಯುತ್ತಿದ್ದರೆ ಬಾಡಿಗೆ ಬಾಕಿಯ ಹೊರತಾದ ಶರತ್ತುಭಂಗಕ್ಕೆ, ಏನು ಮುರಿದಿದ್ದಾನೆಂದು ಬಿಡಿಸಿ ಹೇಳಿ, ಸರಿಪಡಿಸಬಹುದಾದುದಾದರೆ ಸರಿಪಡಿಸಲು ತಕ್ಕ ಸಮಯ ಕೊಟ್ಟ ಲಿಖಿತ ನೋಟೀಸು ಮೊದಲು ಹೋಗಿರಬೇಕು. ಬಾಡಿಗೆ ಬಾಕಿಯದಾದರೆ ಇನ್ನೊಂದು ಸಂಗತಿ ಗೊತ್ತಿರಲಿ: ದಾವೆಯ ವಿಚಾರಣೆಯಲ್ಲಿ ಬಾಡಿಗೆದಾರ ಬಾಕಿ, ಬಡ್ಡಿ, ದಾವೆಯ ಖರ್ಚು ಎಲ್ಲವನ್ನೂ ಕಟ್ಟಿದರೆ, ಕರಾರು ರದ್ದಾಗದಂತೆ ಅವನನ್ನು ಉಳಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ.

ನೋಟೀಸಿನ ಭಾಷೆ ಸಿಟ್ಟಿನದಾಗಿರಬಾರದು. ವಕೀಲರ ಮೂಲಕ ಕಳಿಸುವುದು ಮೇಲು. ಆದರೂ ಅದರಲ್ಲಿ ಏನಿರಬೇಕೆಂದು ಮಾಲೀಕನಿಗೆ ಗೊತ್ತಿರಬೇಕು. ತಿಂಗಳ ಬಾಡಿಗೆಯಾಗಿ ಮುಂದುವರಿದ ಮನೆಗೆ ಸುಮಾರಾಗಿ ಹೀಗೆ:

‘ಕಾರವಾರ ನಗರಸಭೆಯ ಈ ಸಂಖ್ಯೆಯ ಮನೆಯನ್ನು ತಾವು ಇಂಥ ದಿನಾಂಕದ ಕರಾರಿನಂತೆ ತಿಂಗಳಿಗೆ 9,000 ರೂಪಾಯಿ ಬಾಡಿಗೆಗೆ ಪಡೆದಿದ್ದು, ಕರಾರಿನ ಅವಧಿ ಮುಗಿದ ಬಳಿಕವೂ ತಿಂಗಳ ಬಾಡಿಗೆದಾರರಾಗಿ ಮುಂದುವರಿದಿದ್ದೀರಿ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಒಟ್ಟು 27,000 ರೂಪಾಯಿ ಬಾಡಿಗೆಯನ್ನು ಸಲ್ಲಿಸಿಲ್ಲ. ಈ ನೋಟೀಸಿನ ಮೂಲಕ ತಮ್ಮ ಬಾಡಿಗೆ ಹಕ್ಕನ್ನು ಕೊನೆಗೊಳಿಸಲಾಗಿದೆ. ನೋಟೀಸು ತಲುಪಿದ ದಿನದಿಂದ ಹದಿನೈದು ದಿನಗಳು ಕಳೆದೊಡನೆ ಮನೆಯ ಖಾಲಿ ಸ್ವಾಧೀನವನ್ನು ಒಪ್ಪಿಸಿ, ಬಾಕಿಯನ್ನು ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸ್ವಾಧೀನ, ಬಾಕಿ ಮತ್ತು ಅನಧಿಕೃತ ವಾಸದ ಪರಿಹಾರಕ್ಕಾಗಿ ದಾವೆ ಹೂಡಲಾಗುವುದು.’

ಸ್ವೀಕೃತಿ ಬರುವ ಅಂಚೆಯಲ್ಲೇ ಇದನ್ನು ಕಳಿಸಬೇಕು. ಸರಿಯಾದ ವಿಳಾಸಕ್ಕೆ ಹೋದ ಲಕೋಟೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಮರಳಿದರೂ ತಲುಪಿದಂತೆಯೇ ಎಂದು ನ್ಯಾಯಾಲಯಗಳು ಭಾವಿಸುತ್ತವೆ. ಮರಳಿ ಬಂದ ಆ ಲಕೋಟೆಯನ್ನು ಕುತೂಹಲಕ್ಕೂ ಒಡೆಯಬೇಡಿ. ಒಡೆಯದ ಲಕೋಟೆಯೇ ದಾಖಲೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮಾಳಿಗೆಯ ಮನೆಯವರಿಗೆ ನೋಟೀಸು ಕೊಟ್ಟೆ. ಮುಂದಿನ ತಿಂಗಳ ಐದರಂದು ಫೋನಿಗೆ ಏಳು ಸಾವಿರ ರೂಪಾಯಿ ಬಂದು ಬಿತ್ತು. ತೋಟದಲ್ಲಿದ್ದ ನಾನು ಅದನ್ನು ಗಮನಿಸಲೂ ಇಲ್ಲ. ನಾಲ್ಕು ತಿಂಗಳು ಹೀಗೇ ಬಂದ ಹಣವನ್ನು ತೋರಿಸಿ, ‘ಮಾಲೀಕರು ಬಾಡಿಗೆ ಪಡೆದು ನೋಟೀಸನ್ನು ಕೈಬಿಟ್ಟಿದ್ದಾರೆ’ ಎಂದು ಅವರ ಕೈಫಿಯತ್ತಿನಲ್ಲಿ, ಅಂದರೆ ದಾವೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಬರೆದಿದ್ದರು. ಬಾಡಿಗೆ ಪಡೆದ ಮಾತ್ರಕ್ಕೆ ನೋಟೀಸು ಬಿದ್ದುಹೋಗುವುದಿಲ್ಲ, ಕೈಬಿಡುವ ಉದ್ದೇಶವಿತ್ತೇ ಎಂಬುದನ್ನು ನೋಡುತ್ತಾರೆ ಎಂದು ವಕೀಲರು ಸಮಾಧಾನ ಹೇಳಿದರೂ, ಆ ಒಂದು ವಾದಕ್ಕೆ ಉತ್ತರ ಕೊಡುವುದರಲ್ಲಿ ಎರಡು ಮೂರು ತಾರೀಕು ಕಳೆದವು. ನೋಟೀಸಿನ ನಂತರ ಹಣ ಬಂದರೆ ಅಂದೇ ‘ಇದನ್ನು ಬಾಡಿಗೆಯೆಂದಲ್ಲ, ಮನೆಯ ಉಪಯೋಗದ ಪರಿಹಾರವೆಂದು ಜಮಾ ಮಾಡಿಕೊಳ್ಳಲಾಗಿದೆ, ನೋಟೀಸು ಊರ್ಜಿತದಲ್ಲಿದೆ’ ಎಂದು ಲಿಖಿತವಾಗಿ ತಿಳಿಸಬೇಕು. ಬಾಡಿಗೆಯೆಂದು ರಸೀದಿ ಬರೆದುಕೊಡಬಾರದು.

ಬಾಡಿಗೆಗೆ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದ್ದರೆ ಪ್ರತ್ಯೇಕವಾದ ಇನ್ನೊಂದು ದಾರಿ ತೆರೆಯುತ್ತದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಬೇಡಿಕೆಯ ನೋಟೀಸು, ಅದು ತಲುಪಿದ ಮೇಲೆ 15 ದಿನದ ಕಾಯುವಿಕೆ, ಅನಂತರ ಒಂದು ತಿಂಗಳೊಳಗೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಮಿನಡಿ ದೂರು.

ಏನೇ ಆದರೂ ಮಾಡಬಾರದ ಕೆಲಸ

ವಿದ್ಯುತ್ ಫ್ಯೂಸು ಕೀಳುವುದು, ನೀರಿನ ವಾಲ್ವು ತಿರುಗಿಸುವುದು, ಬಾಗಿಲಿಗೆ ಎರಡನೇ ಬೀಗ ಹಾಕುವುದು, ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಸಾಮಾನು ಜಗಲಿಗೆ ತರುವುದು ಇವು ಒಂದೇ ದಿನದಲ್ಲಿ ನಿಮ್ಮ ಪಕ್ಷವನ್ನು ಕೆಡಿಸುತ್ತವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮನೆ ಯಾರದು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಜೊತೆಗೆ ಅತಿಕ್ರಮ ಪ್ರವೇಶ, ಅಕ್ರಮ ತಡೆ ಎಂಬ ಕ್ರಿಮಿನಲ್ ದೂರು ನಿಮ್ಮ ಮೇಲೆ ಬರುತ್ತದೆ. ಬಾಡಿಗೆ ಬಾರದ ಮಾಲೀಕನು ಹೀಗೆ ಆರೋಪಿಯಾಗಿ ಠಾಣೆಯ ಬೆಂಚಿನ ಮೇಲೆ ಕೂರುವುದನ್ನು ನಾನು ಕಂಡಿದ್ದೇನೆ. ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇದ್ದು, ಊರಿನ ಮನೆಯನ್ನು ಭಾವನಿಗೋ ಅಣ್ಣನ ಮಗನಿಗೋ ವಹಿಸಿದವರು ಈ ಮಾತನ್ನು ಅವರಿಗೂ ಸ್ಪಷ್ಟವಾಗಿ ಹೇಳಿರಬೇಕು. ಉತ್ಸಾಹ ಹೆಚ್ಚಾಗುವುದು ಬಹುಮಟ್ಟಿಗೆ ಅವರಿಗೇ.

ಪೊಲೀಸರಿಂದ ಮನೆ ಬಿಡಿಸಿಕೊಡಲಾಗದು. ಬೆದರಿಕೆ, ಫಿಟಿಂಗುಗಳ ಕಳವು, ಮನೆಯಲ್ಲಿ ನಡೆಯುವ ಅಕ್ರಮ ಚಟುವಟಿಕೆ ಇಂಥವಕ್ಕೆ ದೂರು ಕೊಡಬಹುದು. ಬಾಡಿಗೆ ಬಾಕಿ ಸಿವಿಲ್ ವ್ಯಾಜ್ಯವೆಂದು ಅವರು ಹೇಳಿದರೆ ಸರಿಯಾಗಿಯೇ ಹೇಳಿದ್ದಾರೆ.

ನ್ಯಾಯಾಲಯಕ್ಕೆ ಮೊದಲು ಒಂದು ಬಾಗಿಲು

ದಾವೆಗೆ ಮುನ್ನ ಲೋಕ ಅದಾಲತ್ತನ್ನು ಪ್ರಯತ್ನಿಸುವುದು ನನ್ನ ಅನುಭವದಲ್ಲಿ ಸಮಯದ ಅಪವ್ಯಯವಲ್ಲ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕುಗಳಲ್ಲಿ ಸಮಿತಿಗಳಿವೆ. ದಾವೆ ಹೂಡದೆಯೂ, ಶುಲ್ಕವಿಲ್ಲದೆ, ಅಲ್ಲಿ ಅರ್ಜಿ ಕೊಡಬಹುದು. ‘ಮೂರು ತಿಂಗಳ ಬಾಕಿಯಲ್ಲಿ ಎರಡು ಕಟ್ಟುತ್ತೇನೆ, ಶಾಲೆಯ ಪರೀಕ್ಷೆ ಮುಗಿದ ಮೇಲೆ ಬಿಡುತ್ತೇನೆ’ ಎಂಬಂಥ ರಾಜಿ ಅಲ್ಲಿ ಆದರೆ, ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ (ತೀರ್ಪಿನ ಆದೇಶದ) ಬಲವಿದ್ದು ಮೇಲ್ಮನವಿಯೂ ಇರುವುದಿಲ್ಲ. ಊರಿನ ಹಿರಿಯರ ಮುಂದೆ ಕೂತು ಮಾಡಿದ ಪಂಚಾಯ್ತಿಗೆ ಈ ಬಲವಿಲ್ಲ. ರಾಜಿಗೆ ಬಾಡಿಗೆದಾರನೂ ಒಪ್ಪಬೇಕೆಂಬುದೊಂದೇ ಮಿತಿ.

ದಾವೆ

ಮನೆ ಎಲ್ಲಿದೆಯೋ ಅಲ್ಲಿಯ ಸಿವಿಲ್ ನ್ಯಾಯಾಲಯದಲ್ಲೇ ಸ್ವಾಧೀನದ ದಾವೆ ಹೂಡಬೇಕು. ಮಾಲೀಕನು ಪುಣೆಯಲ್ಲಿದ್ದಾನೆಂದು ಪುಣೆಯಲ್ಲಿ ಹೂಡಲಾಗದು. ನ್ಯಾಯಾಲಯ ಶುಲ್ಕವನ್ನು ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ, ದಾವೆಗೆ ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಲೆಕ್ಕ ಹಾಕುವುದರಿಂದ ಅದು ಹೊರೆಯಾಗುವಷ್ಟಿರುವುದಿಲ್ಲ. ಬಾಕಿ ಬಾಡಿಗೆಗೆ ಮೂರು ವರ್ಷದ ಕಾಲಮಿತಿಯಿದೆ, ಆದ್ದರಿಂದ ಐದು ವರ್ಷದ ಬಾಕಿಯನ್ನು ಸೌಜನ್ಯಕ್ಕಾಗಿ ಕೇಳದೆ ಉಳಿದವರು ಹಳೆಯ ಎರಡು ವರ್ಷದ್ದನ್ನು ಕಳೆದುಕೊಳ್ಳುತ್ತಾರೆ. ಸ್ವಾಧೀನ ಕೇಳಲು ಬಾಡಿಗೆ ಹಕ್ಕು ಕೊನೆಗೊಂಡ ದಿನದಿಂದ ಹನ್ನೆರಡು ವರ್ಷ.

ಬಾಡಿಗೆದಾರನೇ ಮೊದಲು ಹೋಗಿ ‘ನನ್ನನ್ನು ಬಲವಂತದಿಂದ ಹೊರಹಾಕುತ್ತಾರೆ’ ಎಂದು ಏಕಪಕ್ಷೀಯ ತಡೆಯಾಜ್ಞೆ ತರುವ ಸಂಭವವಿದ್ದರೆ ಕೇವಿಯಟ್, ಅಂದರೆ ನಿಮ್ಮ ಮಾತು ಕೇಳದೆ ಆದೇಶ ಮಾಡಬಾರದೆಂಬ ಅರ್ಜಿ, ಸಲ್ಲಿಸಿಡಿ. ಅದು 90 ದಿನ ಊರ್ಜಿತವಿರುತ್ತದೆ. ದಾವೆಯಲ್ಲಿ ಸ್ವಾಧೀನ ಮತ್ತು ಬಾಕಿಯ ಜೊತೆಗೆ, ನೋಟೀಸಿನ ಅವಧಿ ಮುಗಿದಂದಿನಿಂದ ಮನೆ ಕೈಗೆ ಬರುವವರೆಗಿನ ಅನಧಿಕೃತ ವಾಸದ ಪರಿಹಾರವನ್ನೂ ಕೇಳಲೇಬೇಕು. ಇದು ಹಳೆಯ ಬಾಡಿಗೆಯ ದರದಲ್ಲೇ ಇರಬೇಕೆಂದಿಲ್ಲ. ಅಕ್ಕಪಕ್ಕದ ಅಂಥದೇ ಮನೆಗಳ ಇಂದಿನ ಬಾಡಿಗೆಯನ್ನು ತೋರಿಸಿದರೆ ಆ ದರದಲ್ಲಿ ನಿಗದಿಯಾಗಬಹುದು. ಡಿಕ್ರಿಯಾದ ಮೇಲೆ ಬಾಡಿಗೆದಾರ ಮೇಲ್ಮನವಿಯಲ್ಲಿ ತಡೆ ಕೇಳಿದರೆ ಅಲ್ಲಿಯೂ ಮಾರುಕಟ್ಟೆ ದರದ ಹಣ ಕಟ್ಟುವ ಶರತ್ತನ್ನು ವಿಧಿಸಬಹುದೆಂದು ಸುಪ್ರೀಂ ಕೋರ್ಟು ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಹೇಳಿದೆ. ಸುಮ್ಮನೆ ಕಾಲ ತಳ್ಳುವ ಬಾಡಿಗೆದಾರನಿಗೆ ತಾಗುವುದು ಇದೇ. ಹೈಕೋರ್ಟಿನವರೆಗೆ ಹೋದರೆ ನಮ್ಮ ಜಿಲ್ಲೆಗೆ ಧಾರವಾಡ ಪೀಠ.

ದೂರದಲ್ಲಿರುವ ಮಾಲೀಕರು ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಟ್ಟು ಊರಿನವರಿಂದ ದಾವೆ ನಡೆಸಬಹುದು. ಆದರೆ ಮುಖ್ತಿಯಾರ ತನಗೆ ಸ್ವತಃ ತಿಳಿದ ಸಂಗತಿಗೆ ಮಾತ್ರ ಸಾಕ್ಷಿ ಹೇಳಬಲ್ಲ. ಕರಾರು ಮಾಡಿದ್ದೂ ಬಾಡಿಗೆ ಪಡೆದದ್ದೂ ನೀವೇ ಆಗಿದ್ದರೆ ಸಾಕ್ಷಿ ಕಟ್ಟೆಗೆ ನೀವೇ ಬರಬೇಕಾಗುತ್ತದೆ.

ಡಿಕ್ರಿ ಕೈಗೆ ಬಂದ ಮೇಲೆ

ಡಿಕ್ರಿಯಾದರೂ ಬಾಡಿಗೆದಾರ ಹೊರಡದಿದ್ದರೆ ಅದನ್ನು ಜಾರಿಗೊಳಿಸಲು ಅಮಲ್ಜಾರಿ ಅರ್ಜಿ ಹಾಕಬೇಕು. ಆಗ ನ್ಯಾಯಾಲಯದ ಬೇಲೀಫ್ ವಾರಂಟು ಹಿಡಿದು ಬಂದು ಸ್ವಾಧೀನ ಕೊಡಿಸುತ್ತಾರೆ. ಹಣದ ಭಾಗವನ್ನು ಸಂಬಳದಿಂದ ವಸೂಲಿ ಮಾಡಿಕೊಳ್ಳುವ ಲೆಕ್ಕ ಹಾಕಿದವರಿಗೆ ಕಾರವಾರದಲ್ಲಿ ಒಂದು ವಿಶೇಷ ತೊಡಕಿದೆ. ನೌಕಾಪಡೆ, ಭೂಸೇನೆ, ವಾಯುಪಡೆಯ ಕಾಯ್ದೆಗಳಿಗೆ ಒಳಪಟ್ಟ ಸಿಬ್ಬಂದಿಯ ಸಂಬಳ ಮತ್ತು ಭತ್ಯೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಜಪ್ತಿ ಮಾಡುವಂತಿಲ್ಲ. ಉಳಿದ ನೌಕರರದಾದರೆ ಮೊದಲ ಸಾವಿರ ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗ ಬಿಟ್ಟು ಮಿಕ್ಕದ್ದನ್ನು ಜಪ್ತಿ ಮಾಡಬಹುದು. ಸೇನೆಯ ಬಾಡಿಗೆದಾರರ ವಿಷಯದಲ್ಲಿ ನಿಜವಾದ ಭದ್ರತೆ ಮೊದಲೇ ಪಡೆದ ಠೇವಣಿ ಮಾತ್ರ. ಕೊನೆಯ ತಿಂಗಳುಗಳ ಬಾಡಿಗೆಯನ್ನು ಅದರಲ್ಲಿ ಮುರಿದುಕೊಳ್ಳುವಂತಿಲ್ಲ ಎಂದು ಕರಾರಿನಲ್ಲೇ ಬರೆಯಿಸಿ.

ಬೇಲೀಫ್ ಬಂದ ದಿನ ಕೀಲಿ ರಿಪೇರಿಯವನನ್ನೂ ಹೊಸ ಬೀಗವನ್ನೂ ಸಿದ್ಧವಿಟ್ಟುಕೊಳ್ಳಿ. ಪಂಚನಾಮೆಯಲ್ಲಿ ಬರೆದ ಸಾಮಾನಿನ ಪಟ್ಟಿಯನ್ನು ಓದಿದ ಮೇಲೆಯೇ ಸಹಿ ಹಾಕಿ, ಮೀಟರಿನ ರೀಡಿಂಗ್ ಬರೆದುಕೊಂಡು ಆ ವಾರದಲ್ಲೇ ಹೆಸ್ಕಾಂ ಬಾಕಿಯನ್ನು ಚುಕ್ತಾ ಮಾಡಿ. ಠೇವಣಿಯಲ್ಲಿ ಬಾಕಿ, ಪರಿಹಾರ, ದುರಸ್ತಿಯ ಬಿಲ್ಲುಗಳನ್ನು ಕಳೆದು ಏನಾದರೂ ಉಳಿದರೆ, ಲೆಕ್ಕದ ಹಾಳೆಯ ಜೊತೆಗೆ ಆ ಮೊತ್ತವನ್ನು ಬಾಡಿಗೆದಾರನ ಖಾತೆಗೆ ಕಳಿಸಿ, ಕಳಿಸಿದ ರಸೀದಿಯನ್ನು ಕಡತಕ್ಕೆ ಸೇರಿಸಿಡಿ.